ಸಿಂಟಿಲೇಟರ್ ಎರಕ ಹೊಯ್ಯುವಾಗ ನಾನು ಕಲಿತದ್ದು

ಸಿಂಟಿಲೇಟರ್ ಅಂದರೆ ವಿಕಿರಣ ಬಿದ್ದಾಗ ಮಿನುಗುವ ವಸ್ತು, ನಾನು ಮಾಡುವುದು ಪ್ಲಾಸ್ಟಿಕ್ಕಿನದು. ಮೊದಲ ಆರು ಎರಕದಲ್ಲೂ ಗುಳ್ಳೆ, ಬಿರುಕು, ಇಲ್ಲವೇ ಹಳದಿ ಬಣ್ಣ. ಪ್ರತಿ ಸಲವೂ ಬೆಳಕು ಕೊಡಲು ಬೆರೆಸುವ ಡೈಗಳ ಪ್ರಮಾಣ ಬದಲಿಸಿ ನೋಡುತ್ತಿದ್ದೆ. ಅದಕ್ಕೆ ಕೈ ಹಾಕುವ ಅಗತ್ಯವೇ ಇರಲಿಲ್ಲ.

ಅಳತೆ ಸರಳ. ಸ್ಟೈರೀನ್ ಒಂದು ದ್ರವ, ಗಟ್ಟಿಯಾದರೆ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು. ಸ್ಟೈರೀನ್‌ಗೆ ತೂಕದಲ್ಲಿ ಶೇ. 1ರಷ್ಟು ಪಿಪಿಓ, ಶೇ. 0.03ರಷ್ಟು ಪೊಪಾಪ್, ಎರಡೂ ಡೈಗಳೇ. ಗಾಮಾ ಕಿರಣ ಬಿದ್ದಾಗ ಪ್ಲಾಸ್ಟಿಕ್ಕು ಶಕ್ತಿಯನ್ನು ಪಿಪಿಓಗೆ ದಾಟಿಸುತ್ತದೆ, ಅದರ ಅತಿನೇರಳೆ ಬೆಳಕನ್ನು ಪೊಪಾಪ್ ನುಂಗಿ ಸುಮಾರು 420 ನ್ಯಾನೋಮೀಟರಿನ ನೀಲಿಯಾಗಿ ಬಿಡುತ್ತದೆ, ಸಣ್ಣ ಬೆಳಕನ್ನೂ ವಿದ್ಯುತ್ ಸಂಕೇತವಾಗಿಸುವ ಫೋಟೋಮಲ್ಟಿಪ್ಲಯರ್ ಟ್ಯೂಬಿಗೆ ಚೆನ್ನಾಗಿ ಕಾಣುವುದೂ ಆ ನೀಲಿಯೇ. 1950ರಲ್ಲೇ ಪಾಲಿಸ್ಟೈರೀನ್‌ಗೆ ಟರ್‌ಫೀನೈಲ್ ಎಂಬ ಡೈ ಬೆರೆಸಿ ಇಂಥದ್ದನ್ನು ಮಾಡಿದ್ದರು. ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತು ಹಿಡಿದ ಉಪಕರಣದಲ್ಲೂ ಪ್ಲಾಸ್ಟಿಕ್ ಸಿಂಟಿಲೇಟರ್‌ಗಳೇ ಇದ್ದವು. ಅದನ್ನು ಓದಿಯೇ ನನಗೆ ಈ ಹುಚ್ಚು ಹಿಡಿದದ್ದು.

ಅಂಗಡಿಯ ಸ್ಟೈರೀನ್ ತಾನಾಗಿ ಗಟ್ಟಿಯಾಗದಂತೆ ತಡೆಯುವ ಟಿಬಿಸಿ ಎಂಬ ರಾಸಾಯನಿಕ ಬೆರೆಸಿರುತ್ತಾರೆ. ಅದನ್ನು ತೆಗೆಯಲು ಕಾಸ್ಟಿಕ್ ಸೋಡಾ ನೀರಲ್ಲಿ ತೊಳೆದು, ನೀರಿನ ಪದರಕ್ಕೆ ಬಣ್ಣ ಬರುವುದು ನಿಂತ ಮೇಲೆ ಒಣಗಿಸಿ, ನಿರ್ವಾತದಲ್ಲಿ ಬಟ್ಟಿ ಇಳಿಸಿದೆ. ಎಲ್ಲವೂ ಫ್ಯೂಮ್ ಹುಡ್ ಒಳಗೆ, ಆ ಆವಿ ಒಳ್ಳೆಯದಲ್ಲ.

ಆಮೇಲೆ ದ್ರವದಲ್ಲಿ ಕರಗಿರುವ ಆಮ್ಲಜನಕ ತೆಗೆಯಬೇಕು. ಮೊದಮೊದಲು ಸುಮ್ನೆ ಹತ್ತು ನಿಮಿಷ ನೈಟ್ರೋಜನ್ ಬಿಡುತ್ತಿದ್ದೆ, ಸಾಲಲಿಲ್ಲ. ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ, ಹೀಗೆ ಮೂರು ಸಲ ಮಾಡಿ ಎರಕದ ಗಾಜಿನ ಟ್ಯೂಬಿನ ಬಾಯಿ ಮುಚ್ಚಿದಾಗ ಹಳದಿ ಬಣ್ಣ ಹೋಯಿತು. ಗಾಜಿನ ಒಳಮೈಗೆ ಅಂಟದಂತೆ ಮಾಡುವ ಸಿಲೇನ್ ಲೇಪ ಬೇಕೇ ಬೇಕು. ಗಟ್ಟಿಯಾಗುವಾಗ ಸುಮಾರು ಶೇ. 14ರಷ್ಟು ಕುಗ್ಗುವ ಪ್ಲಾಸ್ಟಿಕ್ಕು ಗಾಜಿಗೆ ಅಂಟಿಕೊಂಡರೆ ತನ್ನನ್ನೇ ಸೀಳಿಕೊಳ್ಳುತ್ತದೆ.

ಓವನ್ನೇ ನಿಜವಾದ ಕೆಲಸ. ಗಟ್ಟಿಯಾಗುವಾಗ ಸ್ಟೈರೀನ್ ತಾನೇ ಶಾಖ ಬಿಡುತ್ತದೆ, ಒಮ್ಮೆಲೇ ಬಿಸಿ ಏರಿಸಿದರೆ ಮಧ್ಯದಲ್ಲಿ ಕುದಿದು ಗುಳ್ಳೆ ಕಟ್ಟುತ್ತದೆ. ಹಾಗಾಗಿ 80 ಡಿಗ್ರಿಯಲ್ಲಿ ಶುರು ಮಾಡಿ, ದಿನಕ್ಕಿಷ್ಟು ಏರಿಸಿ, ಕೊನೆಗೆ 125ಕ್ಕೆ ತಂದೆ. ಐದು ದಿನ. ಇಳಿಸುವಾಗ ಗಂಟೆಗೆ 5 ಡಿಗ್ರಿಗಿಂತ ಜಾಸ್ತಿ ಬೇಡ, ಅದರಲ್ಲೂ 100ರ ಆಸುಪಾಸಿನಲ್ಲಿ, ಪಾಲಿಸ್ಟೈರೀನ್ ಬಿಗಿಯಾಗುವುದು ಅಲ್ಲೇ. ರಾತ್ರಿ ಓವನ್ ಆಫ್ ಮಾಡಿ ಮನೆಗೆ ಹೋದ ಒಂದು ದಿನ ಬೆಳಿಗ್ಗೆ ನೋಡಿದರೆ ತುಂಡಿನ ತುಂಬ ಕೂದಲೆಳೆ ಬಿರುಕು. ತುಂಬಾ ಬೇಜಾರಾಗಿತ್ತು.

ಏಳನೆಯದು ನೀರಿನ ಹಾಗೆ ತಿಳಿಯಾಗಿ ಬಂತು. ನೀರು ಹಾಕುತ್ತಾ ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಮಾಡಿ, ಆಪ್ಟಿಕಲ್ ಗ್ರೀಸ್ ಹಚ್ಚಿ ಫೋಟೋಮಲ್ಟಿಪ್ಲಯರ್ ಟ್ಯೂಬಿಗೆ ಕೂರಿಸಿ, ಟೆಫ್ಲಾನ್ ಟೇಪ್ ಸುತ್ತಿದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಬೆರಳಿನ ಜಿಡ್ಡಿಗೂ ಮೈಮೇಲೆ ಬಿರುಕು ಏಳುತ್ತದೆ.

ಪರೀಕ್ಷೆಗೆ ಗಾಮಾ ಬಿಡುವ ಸೀಸಿಯಂ-137 ಇಟ್ಟಾಗ, ಆ ಗಾಮಾದ ಶಕ್ತಿಯಾದ 662 ಕೆಇವಿಯಲ್ಲಿ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಗ್ರಾಫಿನಲ್ಲಿ ಶಿಖರ ಕಾಣದೆ ಗಾಬರಿಯಾಗಬೇಡಿ. ಕಾರ್ಬನ್, ಹೈಡ್ರೋಜನ್ ಹಗುರ, ಗಾಮಾ ತನ್ನ ಪೂರ್ತಿ ಶಕ್ತಿಯನ್ನು ಅಲ್ಲಿ ಬಿಡುವುದು ಬಲು ಅಪರೂಪ. 477 ಕೆಇವಿಯ ಕಾಂಪ್ಟನ್ ಅಂಚು ಹುಡುಕಿ, ಒಂದೇ ಡಿಕ್ಕಿಯಲ್ಲಿ ಗಾಮಾ ಎಲೆಕ್ಟ್ರಾನಿಗೆ ಕೊಡಬಲ್ಲ ಗರಿಷ್ಠ ಶಕ್ತಿ ಅದು. ಅಷ್ಟೇ ಗಾತ್ರದ ಕೊಂಡ ತುಂಡಿನ ಅಂಚು ಗ್ರಾಫಿನ ಯಾವ ಚಾನೆಲ್‌ನಲ್ಲಿದೆ, ನಿಮ್ಮದು ಎಲ್ಲಿದೆ ಅಂತ ಹೋಲಿಸಿದರೆ ಬೆಳಕು ಎಷ್ಟು ಎಂದು ಗೊತ್ತಾಗುತ್ತದೆ. ನನ್ನ ಮೊದಲ ತುಂಡುಗಳು ಅದರ ಅರ್ಧಕ್ಕೂ ಬಂದಿರಲಿಲ್ಲ, ಇದು ಹತ್ತಿರ ಹತ್ತಿರ ನಿಂತಿತು.

ಈಗ ಓವನ್‌ನಲ್ಲಿ ಶೇ. 20 ಪಿಪಿಓ ಹಾಕಿದ ಟ್ಯೂಬ್ ಇದೆ, ನ್ಯೂಟ್ರಾನ್ ಮತ್ತು ಗಾಮಾ ಬೇರೆ ಮಾಡೋಕೆ. ಅಷ್ಟು ಪಿಪಿಓ ಹಾಕಿದರೆ ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ. ಇವತ್ತು ಮೂರನೇ ದಿನ, 100 ಡಿಗ್ರಿ.