ಹೊಟ್ಟೆಯ ಬ್ಯಾಕ್ಟೀರಿಯಾ ಹೋಯಿತು, ಕಣ್ಣಿನ ಪ್ರೆಷರ್ ಏರಿತು

ಕಲಬುರಗಿಯ ಒಂದು ಕಣ್ಣಿನ ಕ್ಲಿನಿಕ್‌ನಲ್ಲಿ ನಾನು ಆಪ್ಟೋಮೆಟ್ರಿಸ್ಟ್. ಕಣ್ಣಿನ ಪ್ರೆಷರ್ ನೋಡುವುದು ದಿನದ ಕೆಲಸ. ಸಾಮಾನ್ಯವಾಗಿ ಅದು 10ರಿಂದ 21ರ ಒಳಗೆ ಇರುತ್ತದೆ. ಜೇವರ್ಗಿ ಕಡೆಯ ಒಬ್ಬ ಕಾಕಾ ಅವರಿಗೆ ಗ್ಲಾಕೋಮಾ ಇದೆ, ಅಂದರೆ ಕಣ್ಣಿನ ನರ ನಿಧಾನಕ್ಕೆ ಹಾಳಾಗುವ ರೋಗ. ಪ್ರೆಷರ್ ಇಳಿಸುವ ಒಂದು ಹನಿ ರಾತ್ರಿ ಹಾಕಿಕೊಂಡು 16ರಲ್ಲಿ ಇದ್ದರು. ಹೋದ ಬೇಸಿಗೆಯಲ್ಲಿ ಬಂದಾಗ 29. ಮತ್ತೊಮ್ಮೆ ನೋಡಿದೆ, 28.

"ಡ್ರಾಪ್ಸ್ ಬಿಟ್ಟೀರೇನ್ರಿ ಕಾಕಾ?"

"ಹೂಂನ್ರಿ. ಹೊಟ್ಟ್ಯಾಗ ಎಚ್ ಪೈಲೋರಿ ಇತ್ತು. 14 ದಿನ ಗುಳಿಗಿ ತಗೊಂಡೆ. ಅದು ಹೋದ್ರ ಕಣ್ಣಿಂದೂ ಹೋಗ್ತದಂತ ಮೊಬೈಲ್‌ನಾಗ ನೋಡಿದ್ದೆ."

ನನಗೆ ಬೈಯಲು ಮನಸ್ಸಾಗಲಿಲ್ಲ. ಅವರು ಕೇಳಿದ್ದು ಸುಮ್ನೆ ಹುಟ್ಟಿದ ಮಾತಲ್ಲ. 2001ರಲ್ಲಿ ಗ್ರೀಸ್‌ನ ವೈದ್ಯರಿಗೆ ಗ್ಲಾಕೋಮಾ ಇದ್ದವರ ಹೊಟ್ಟೆಯಲ್ಲಿ ಈ ಎಚ್ ಪೈಲೋರಿ ಬ್ಯಾಕ್ಟೀರಿಯಾ ಜಾಸ್ತಿ ಕಂಡಿತ್ತು. ಆಮೇಲೆ ಬೇರೆ ಕಡೆ ನೋಡಿದವರಲ್ಲಿ ಕೆಲವರಿಗೆ ಅಂಥ ನಂಟು ಸಿಗಲೇ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು 2018ರ ಇಲಿಗಳ ಅಧ್ಯಯನ. ನಮ್ಮ ನರಕೋಶದಲ್ಲಿರುವ ಕೆಲವು ಪ್ರೋಟೀನ್‌ಗಳು ಬ್ಯಾಕ್ಟೀರಿಯಾದ ಪ್ರೋಟೀನ್‌ಗಳನ್ನು ಹೋಲುತ್ತವೆ. ಬ್ಯಾಕ್ಟೀರಿಯಾ ಜೊತೆ ಕಾದಾಡಿ ಪಳಗಿದ, ಮೈ ಕಾಯುವ ಟಿ ಕೋಶಗಳು ಕಣ್ಣಿಗೆ ನುಗ್ಗಿ, ನರಕೋಶವನ್ನೇ ಶತ್ರು ಎಂದುಕೊಳ್ಳುತ್ತವೆ. ಬ್ಯಾಕ್ಟೀರಿಯಾ ಇಲ್ಲದ ಜಾಗದಲ್ಲಿ ಬೆಳೆಸಿದ ಇಲಿಗಳಲ್ಲಿ ಪ್ರೆಷರ್ ಏರಿಸಿದರೂ ಆ ಹಾನಿ ಆಗಲಿಲ್ಲ. ಆದರೆ ಆ ಕೋಶಗಳು ಕಣ್ಣಿನೊಳಗೆ ನುಗ್ಗಲು ಬಾಗಿಲು ತೆರೆದಿದ್ದು ಏರಿದ ಪ್ರೆಷರ್. ಅಲ್ಲಿದ್ದದ್ದು ಹೊಟ್ಟೆಯ ರೋಗವೂ ಅಲ್ಲ, ಎಲ್ಲರ ಮೈಯಲ್ಲೂ ಇರುವಂಥ ಬ್ಯಾಕ್ಟೀರಿಯಾ. ಗುಳಿಗೆ ನುಂಗಿ ಅದನ್ನೆಲ್ಲ ಕಳೆಯಲು ಆಗುತ್ತದಾ?

ಕಾಕಾಗೆ ಇಷ್ಟೇ ಹೇಳಿದೆ: "ಹೊಟ್ಟಿ ಔಷಧ ಹೊಟ್ಟಿಗಿ. ಕಣ್ಣಿನ ಬಾಗಿಲು ಕಾಯೋದು ಈ ಹನಿ." ಅವರು ತಲೆಯಾಡಿಸಿದರು. ಡಾಕ್ಟರ್ ನೋಡಿ ಡ್ರಾಪ್ಸ್ ಮತ್ತೆ ಶುರು ಮಾಡಿಸಿದರು. ನೋಟ ಎಷ್ಟು ಅಗಲಕ್ಕೆ ಉಳಿದಿದೆ ಎಂದು ನೋಡುವ ಫೀಲ್ಡ್ ಟೆಸ್ಟ್ ಹಿಂದಿನಂತೆಯೇ ಇತ್ತು, ಅದೇ ಸಮಾಧಾನ. ಹೋದ ನೋಟ ಮರಳುವುದಿಲ್ಲವಲ್ಲ.

ಆಮೇಲೆ ಹಾಕುವ ಕ್ರಮ ತೋರಿಸಿದೆ. ಕೆಳ ರೆಪ್ಪೆ ಎಳೆದು ಒಂದೇ ಹನಿ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿಕೊಳ್ಳಬೇಕು. ಬಾಟಲಿ ಎಲ್ಲಿಡುತ್ತೀರಿ ಎಂದರೆ ಕಿಟಕಿ ಹತ್ತಿರ ಎಂದರು! ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅವರ ಹನಿಗೆ ತಂಪು ಬೇಕು. ನೀರಿನ ಗಡಿಗೆಯ ಪಕ್ಕದ ಗೂಡಿಗೆ ಅದನ್ನು ಬದಲಿಸಿದೆವು.

ಈಗ ನಾನು "ಡ್ರಾಪ್ಸ್ ಹಾಕ್ತೀರಾ?" ಎಂದು ಯಾರನ್ನೂ ಕೇಳುವುದಿಲ್ಲ, ಎಲ್ಲರೂ ಹೂಂ ಅನ್ನುತ್ತಾರೆ. "ಹಿಂದಿನ ಬಾಟಲಿ ಯಾವಾಗ ಮುಗೀತು?" ಎನ್ನುತ್ತೇನೆ. ಕಾಕಾ ಮುಂದಿನ ತಿಂಗಳು ಖಾಲಿ ಬಾಟಲಿಯನ್ನೇ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಪ್ರೆಷರ್ 17 ಇತ್ತು.