ಪರಿಷೆಗೆ ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋಗುವವರು ಓದಿ

ಬಸವನಗುಡಿಯ ಕಡಲೆಕಾಯಿ ಪರಿಷೆ ಬಂತು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಗಣಪತಿ ಗುಡಿ ಮುಂದೆ ಕಾಲಿಡೋಕೂ ಜಾಗ ಇರುವುದಿಲ್ಲ, ಪೀಪಿ, ಬಲೂನು ಕಂಡ ಕೂಡಲೇ ಮಗು ಕೈ ಬಿಡಿಸಿಕೊಂಡು ಓಡುತ್ತದೆ.

ಹೊರಡುವ ಮೊದಲೇ ಮಗುವಿನ ಫೋಟೋ ತೆಗೆದುಕೊಳ್ಳಿ, ತಲೆಯಿಂದ ಚಪ್ಪಲಿವರೆಗೆ ಕಾಣುವ ಹಾಗೆ. ಗಾಬರಿಯಲ್ಲಿ ಅಂಗಿ ಬಣ್ಣವೂ ನೆನಪಾಗುವುದಿಲ್ಲ. ತೋಳಿನ ಒಳಭಾಗದಲ್ಲಿ, ಅಂಗಿ ತೋಳು ಮುಚ್ಚುವ ಕಡೆ, ಬಾಲ್‌ಪೆನ್ನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಹೆಸರು ಮಾತ್ರ ಬಟ್ಟೆ ಮೇಲೆ, ಬ್ಯಾಗಿನ ಮೇಲೆ ಕಾಣುವುದು ಬೇಡ. ಯಾರೋ ಹೆಸರು ಹಿಡಿದು ಕರೆದರೆ ಮಗು ಪರಿಚಯದವರೇ ಅಂದುಕೊಳ್ಳುತ್ತದೆ, ಅಲ್ವಾ?

"ಯಾರ ಜೊತೆನೂ ಮಾತಾಡಬೇಡ" ಅಂತ ಸುಮ್ನೆ ಹೆದರಿಸುವುದು ನನಗೆ ಸರಿ ಕಾಣುವುದಿಲ್ಲ. ತಪ್ಪಿಸಿಕೊಂಡ ಮಗು ಯಾರನ್ನಾದರೂ ಕೇಳಲೇಬೇಕಲ್ಲ. ಪೊಲೀಸರನ್ನು ಕೇಳು, ಇಲ್ಲದಿದ್ದರೆ ಮಕ್ಕಳ ಜೊತೆ ಬಂದಿರುವ ಆಂಟಿಯನ್ನು ಕೇಳು, ಆದರೆ ಇದ್ದ ಜಾಗ ಬಿಟ್ಟು ಯಾರ ಹಿಂದೆಯೂ ಹೋಗಬೇಡ ಅಂತ ಅಲ್ಲೇ ತೋರಿಸಿ ಹೇಳಿಕೊಡಿ. "ನಿಮ್ಮಮ್ಮ ಕರೀತಿದ್ದಾರೆ, ಬಾ ಪುಟ್ಟ" ಅಂದರೂ ಅಷ್ಟೇ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ, ಅದನ್ನು ಹೇಳದವರ ಜೊತೆ ಹೋಗಕೂಡದು. ನಮ್ಮ ಮನೆಯಲ್ಲಿ ಅಜ್ಜಿ ಊರಿನ ಹಸುವಿನ ಹೆಸರೇ ಆ ಮಾತು, ಮಕ್ಕಳು ಮರೆಯುವುದೇ ಇಲ್ಲ. ಯಾರಾದರೂ ಕೈ ಹಿಡಿದು ಎಳೆದರೆ "ಇವರು ನಮ್ಮಪ್ಪ ಅಲ್ಲ" ಅಂತ ಜೋರಾಗಿ ಕೂಗಲಿ. ಮನೆಯಲ್ಲೇ ಕೂಗಿಸಿ ಅಭ್ಯಾಸ ಮಾಡಿಸಿ.

ಮಗು ಕಾಣದಿದ್ದರೆ ಸುಮ್ನೆ ಹುಡುಕುತ್ತಾ ಹೊತ್ತು ಕಳೆಯಬೇಡಿ. ಒಬ್ಬರು ಅಲ್ಲೇ ನಿಲ್ಲಿ, ಇನ್ನೊಬ್ಬರು ತಕ್ಷಣ 112ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098 ಕೂಡ 24 ಗಂಟೆ ಇರುತ್ತದೆ, ಕಾಸು ಕೊಡಬೇಕಾಗಿಲ್ಲ.