ಕೆಲಸದ ಜಾಗದಲ್ಲಿ ಅಪಾಯಕಾರಿ ರಾಸಾಯನಿಕಗಳಿಂದ ಕಾರ್ಮಿಕರನ್ನು ಕಾಪಾಡುವ ಬಗೆ

ಮೊದಲು, ಬಳಕೆಯಲ್ಲಿರುವ ಪ್ರತಿಯೊಂದು ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರವನ್ನು (ಅದರ ಅಪಾಯಗಳನ್ನೂ ಮುನ್ನೆಚ್ಚರಿಕೆಗಳನ್ನೂ ತಿಳಿಸುವ ಸೇಫ್ಟಿ ಡೇಟಾ ಶೀಟ್) ತರಿಸಿಕೊಂಡು ಓದಬೇಕು. 16 ವಿಭಾಗಗಳಿರುವ ಆ ಪತ್ರದಲ್ಲಿ 4ನೆಯದು ಪ್ರಥಮ ಚಿಕಿತ್ಸೆಯನ್ನೂ 8ನೆಯದು ರಕ್ಷಣಾ ಸಾಧನಗಳನ್ನೂ ತಿಳಿಸುತ್ತವೆ. ಇವೆರಡನ್ನೂ ಕಾರ್ಮಿಕರಿಗೆ ಅವರಾಡುವ ಭಾಷೆಯಲ್ಲಿಯೇ ವಿವರಿಸಬೇಕು.

ಮಾಸ್ಕ್ ಕೊಟ್ಟ ಮಾತ್ರಕ್ಕೆ ಹೊಣೆ ಮುಗಿಯಿತೆಂದು ಭಾವಿಸುವುದು ದೊಡ್ಡ ತಪ್ಪು. ಕಡಿಮೆ ಅಪಾಯದ ದ್ರಾವಕವನ್ನು ಬಳಸಲು ಸಾಧ್ಯವೇ ಎಂದು ಮೊದಲು ನೋಡಬೇಕು. ಆಗದಿದ್ದರೆ, ಆವಿ ಏಳುವ ಜಾಗದಲ್ಲೇ ಅದನ್ನು ಹೀರಿ ಹೊರಹಾಕುವ ವ್ಯವಸ್ಥೆ ಮಾಡಬೇಕು. ಹೀರುವ ಕೊಳವೆಯ ಬಾಯಿ ಕಾರ್ಮಿಕನ ತಲೆಯ ಮೇಲಿದ್ದರೆ ಆವಿ ಅವನ ಮುಖವನ್ನು ಸವರಿಕೊಂಡೇ ಮೇಲೇರುತ್ತದೆ, ಆದ್ದರಿಂದ ಅದು ಕೆಲಸದ ಮೇಜಿನ ಆಚೆ ಬದಿಯಲ್ಲಿರಬೇಕು.

ದೂಳು ತಡೆಯುವ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಆಯಾ ಆವಿಗೆ ತಕ್ಕ ಕಾರ್ಟ್ರಿಜ್ (ಆವಿಯನ್ನು ಹಿಡಿದಿಡುವ ಸೋಸು ಡಬ್ಬಿ) ಇರುವ ಮಾಸ್ಕ್ ಬೇಕು, ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಡ್ಡವಿದ್ದರೆ ಹಾಗೆ ಕೂರುವುದಿಲ್ಲ. ಕೈಗವಸಿನ ಆಯ್ಕೆಯೂ ಹೀಗೆಯೇ: ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸನ್ನು ಅಸಿಟೋನ್ ಎಂಬ ದ್ರಾವಕ ಬೇಗನೆ ದಾಟಿಬಿಡುತ್ತದೆ, ಬ್ಯುಟೈಲ್ ರಬ್ಬರಿನದು ಹೆಚ್ಚು ಹೊತ್ತು ತಡೆಯುತ್ತದೆ.

ಬ್ಲೀಚನ್ನು ಆಮ್ಲದೊಂದಿಗೆ ಬೆರೆಸಲೇಬಾರದು, ಕ್ಲೋರಿನ್ ಅನಿಲ ಹೊರಬರುತ್ತದೆ. ರಾಸಾಯನಿಕ ಕಣ್ಣಿಗೆ ಸಿಡಿದರೆ ರೆಪ್ಪೆಗಳನ್ನು ತೆರೆದು ಹಿಡಿದು ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.